ಕಲ್ನಾರಿನ ಸೂರು ಇಳಿಸಿದ ವಾರ

ಅಕ್ಕಿ ಗಿರಣಿಯ ಸೂರು ಇಳಿಸುವ ಕೆಲಸ ಶುರುವಾದ ದಿನ, ಗೇಟಿನ ಹತ್ತಿರ ಮೊದಲು ಬಂದವನು ನಾನೇ ಅಂದುಕೊಂಡಿದ್ದೆ. ನಮ್ಮ ಹಳೆಯ ಹಮಾಲಿ ಮೇಸ್ತ್ರಿ ಆಗಲೇ ಬಂದು ಹುಣಸೆ ಮರದ ಬುಡದಲ್ಲಿ ಕೂತಿದ್ದ. ಪಕ್ಕದಲ್ಲಿ ಹಗ್ಗದ ಸುರುಳಿ ಇತ್ತು.

“ಏನಯ್ಯ, ಮೂಗೂರಿಂದ ಇಷ್ಟೊತ್ತಿಗೇ?” ಅಂದೆ.

“ಮೊದಲ್ನೇ ಬಸ್ಸಿಗೇ ಬಂದೆ ರೈಟ್ರೇ. ಶೀಟು ಇಳುಸ್ತಾರಂತಲ್ಲ, ನಂದು ನಾನು ಒಯ್ಬೇಕಲ್ಲ.”

ರೈಟ್ರು ಅಂದರೆ ನಾನು. ನರಸೀಪುರದ ಆ ಗಿರಣಿಗೆ ಲೆಕ್ಕ ಬರೆಯಲು ಸೇರಿ, ಅದು ಮುಚ್ಚುವ ತನಕ ಅಲ್ಲೇ ಇದ್ದೆ. ಈಗ ಸಾಹುಕಾರರ ಮೊಮ್ಮಗ ಅದನ್ನು ಗೋಡೌನು ಮಾಡಲು ಹೊರಟಿದ್ದರು. ಸೂರಿಗೆಲ್ಲ ಕಲ್ನಾರಿನ ಶೀಟು, ಬಾಯ್ಲರ್ ಕೊಳವೆಗಳಿಗೂ ಕಲ್ನಾರಿನದೇ ಮೆತ್ತೆ. ಅದನ್ನು ತೆಗೆಯಲು ಮೈಸೂರಿನಿಂದ ತರಬೇತಾದ ಒಂದು ತಂಡವನ್ನು ಕರೆಸಿದ್ದರು. ಯಾವ ಕೊಳವೆ ಎಲ್ಲಿ ಹೋಗುತ್ತದೆ, ಯಾವ ಮಾಡು ಯಾವಾಗಿನದು ಎಂದು ತೋರಿಸಲು ನನ್ನನ್ನು ಬರಹೇಳಿದ್ದರು.

ಮೇಸ್ತ್ರಿ ಬಂದದ್ದಕ್ಕೂ ಕಾರಣವಿತ್ತು. ಬೇಸಿಗೆಯ ಗಾಳಿಗೆ ಅವನ ಕೊಟ್ಟಿಗೆಯ ಸೂರು ಹಾರಿಹೋಗಿತ್ತು. ಎರಡು ಸೀಮೆಹಸು ಕಟ್ಟಿದ್ದ, ಡೈರಿಗೆ ಹಾಲು ಹಾಕಿಯೇ ಮನೆ ನಡೆಯಬೇಕು. ಮುಂಗಾರು ಇನ್ನೇನು ಶುರುವಾಗುವುದರಲ್ಲಿತ್ತು. ನಮ್ಮ ಗಿರಣಿಯಲ್ಲಿ ಶೀಟು ಬದಲಿಸಿದಾಗಲೆಲ್ಲ ಹಳೆಯವು ಆಳುಗಳಿಗೆ ಹೋಗುವುದು ಪದ್ಧತಿ. ಸುತ್ತಿನ ಹಳ್ಳಿಗಳ ಎಷ್ಟೋ ಕೊಟ್ಟಿಗೆ, ಬಚ್ಚಲುಮನೆಗಳಿಗೆ ನಮ್ಮ ಶೀಟೇ ನೆರಳು. ಬಾಯ್ಲರ್ ಮನೆಯ ಶೀಟು ಇಳಿದ ದಿನ ಅವು ನಿನಗೆ ಎಂದು ದೊಡ್ಡ ಸಾಹುಕಾರರು ಮೇಸ್ತ್ರಿಗೆ ಮಾತು ಕೊಟ್ಟಿದ್ದರು. ಆಗ ನಾನು ಅಲ್ಲೇ ಇದ್ದೆ.

ತಂಡದ ಮುಖ್ಯಸ್ಥೆ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಮೇಸ್ತ್ರಿಯ ಹಗ್ಗ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

“ತಾತ, ಒಂದು ಚೂರೂ ಆಚೆ ಹೋಗಲ್ಲ. ಎಲ್ಲ ಕವರಲ್ಲಿ ಕಟ್ಟಿ, ಸರ್ಕಾರ ಗೊತ್ತು ಮಾಡಿರೋ ಜಾಗಕ್ಕೇ ಕಳಿಸ್ಬೇಕು.”

“ಅಲ್ಲ ಕಣವ್ವ, ಇದ್ರಡೀಲೇ ಉಂಡು ಮನಗಿವ್ನಿ. ನಂಗೇನಾಗದೆ?”

ಅವಳು ಜಗಳಕ್ಕೆ ನಿಲ್ಲದೆ ಕೆಲಸಕ್ಕೆ ಹೋದಳು. ಮೇಸ್ತ್ರಿ ಹುಣಸೆ ಮರ ಬಿಡಲಿಲ್ಲ.

ಆ ತಂಡದ ಶಿಸ್ತು ನನಗೆ ಬಹಳ ಹಿಡಿಸಿತು. ನಾನು ನಂಜನಗೂಡಿನ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. ಗಂಟೆ ಹೊಡೆಯುವ ಮೊದಲೇ ಕಪಿಲೆಯಲ್ಲಿ ಸ್ನಾನ ಮುಗಿಸಿ, ಒಗೆದ ಪಂಚೆ ಹಿಂಡಿ ಹರವಿ, ಸಾಲಿನಲ್ಲಿ ನಿಲ್ಲಬೇಕಿತ್ತು. ತಡವಾದವನಿಗೆ ಆ ಹೊತ್ತಿನ ಉಪ್ಪಿಟ್ಟು ಇಲ್ಲ. ಇಲ್ಲಿಯೂ ಹಾಗೇ. ಗಡ್ಡ ಬಿಟ್ಟು ಬಂದಿದ್ದ ಒಬ್ಬ ಕೆಲಸಗಾರನನ್ನು ಅವಳು ವಾಪಸು ಕಳಿಸಿದಳು. ಗಡ್ಡವಿದ್ದರೆ ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲವಂತೆ. ಅವನು ಬಸ್ ಸ್ಟ್ಯಾಂಡಿನ ಹತ್ತಿರ ಬೋಳಿಸಿಕೊಂಡು ಬಂದ. ಸುತ್ತ ಹಗ್ಗ ಕಟ್ಟಿ ಎಚ್ಚರಿಕೆಯ ಬೋರ್ಡು ತೂಗುಹಾಕಿದರು. ಗದ್ದೆಗೆ ಔಷಧಿ ಹೊಡೆಯುವಂಥ ಪಂಪಿನಿಂದ ಶೀಟಿಗೆ ಸೋಪಿನ ನೀರು ಸಿಂಪಡಿಸಿದರು. ಬೋಲ್ಟುಗಳನ್ನು ಬಿಡಿಸಿ, ಒಂದೊಂದೇ ಶೀಟನ್ನು ಒಡೆಯದಂತೆ, ಬೀಳಿಸದಂತೆ, ಮಲಗಿದ ಮಗುವನ್ನು ಎತ್ತಿದ ಹಾಗೆ ಇಳಿಸಿದರು. ಹಿಂದೆ ನಾವು ಗಾಳಿಗೆ ಸೀಳಿದ ಶೀಟನ್ನು ಮೇಲಿಂದ ಅಂಗಳಕ್ಕೆ ಎಸೆಯುತ್ತಿದ್ದೆವು. ಚೂರನ್ನು ಪೊರಕೆಯಲ್ಲಿ ಗುಡಿಸಿ ಹಳ್ಳಕ್ಕೆ ತುಂಬುತ್ತಿದ್ದೆವು. ಇವರು ಪೊರಕೆಯನ್ನು ಒಳಗೇ ಬಿಡಲಿಲ್ಲ.

ಹಗ್ಗದಾಚೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ನನಗೆ, ಶೀಟು ಸರಿದಲ್ಲೆಲ್ಲ ಬಿಸಿಲು ಒಳಗೆ ಬೀಳುವುದು ಕಾಣುತ್ತಿತ್ತು. ನಮ್ಮ ಕಾಲದಲ್ಲಿ ಆ ಜಾಗಕ್ಕೆ ಬಿಸಿಲು ಬಿದ್ದದ್ದೇ ಇಲ್ಲ. ಭತ್ತ ಬೇಯುವ ವಾಸನೆ, ಮಳೆ ಬಂದರೆ ಶೀಟಿನ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳದಂಥ ಸದ್ದು, ಅದರ ನಡುವೆಯೂ ಮೇಸ್ತ್ರಿಯ ಎಣಿಕೆ. ಮೂಟೆ ಎಣಿಸುವಾಗ ಅವನು ಒಂದು ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಲಾಭಾ, ಲಾಭಾ, ಎರಡೂ, ಎರಡೂ, ಎಂದು ರಾಗವಾಗಿ ಹೇಳುತ್ತ ಹೋಗುವನು. ನಾನು ಲೆಕ್ಕದ ಮೇಜಿನಿಂದ ತಲೆ ಎತ್ತದೆ ಗೀಟು ಹಾಕುತ್ತಿದ್ದೆ.

ಚಳಿಗಾಲದಲ್ಲಿ ಬಾಯ್ಲರಿನ ಕೊಳವೆಗೆ ಬೆನ್ನು ತಾಗಿಸಿ ನಿಲ್ಲಲು ಎಲ್ಲರಿಗೂ ಪೈಪೋಟಿ. ಮೇಸ್ತ್ರಿ ಒದ್ದೆ ಟವಲನ್ನು ಅದರ ಮೇಲೆಯೇ ಒಣಗಿಸುತ್ತಿದ್ದ. ಆಯುಧಪೂಜೆಗೆ ಆ ಮೆತ್ತೆಗೆ ಸುಣ್ಣ ಬಳಿದು ಕುಂಕುಮ ಇಡುತ್ತಿದ್ದೆವು. ಸಂಜೆ ಹೆಗಲ ಮೇಲೆ ಕೂತ ಬಿಳಿ ದೂಳನ್ನೆಲ್ಲ ತೌಡೆಂದೇ ತಿಳಿದು ಕೊಡವಿಕೊಂಡು ಮನೆಗೆ ಹೋಗುತ್ತಿದ್ದೆವು. ಆ ಕೊಳವೆಗಳ ಸುತ್ತ ಈಗ ಪ್ಲಾಸ್ಟಿಕ್ಕಿನ ಡೇರೆ ಕಟ್ಟಿ, ಹೊರಗಿನ ಗಾಳಿಗೆ ಒಂದು ಎಳೆಯೂ ಬಾರದಂತೆ ಮೆತ್ತೆ ಬಿಚ್ಚುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಮರದಡಿ ಮೇಸ್ತ್ರಿ ಕಾಣಲಿಲ್ಲ. ಹಗ್ಗವೂ ಇಲ್ಲ. ನನಗೆ ಅನುಮಾನ ಬಂತು. ಬಾಯ್ಲರ್ ಮನೆಯ ಹಿಂದೆ, ಗೋಡೆಗೆ ಒರಗಿಸಿಟ್ಟ ಹಳೆಯ ಅರ್ಧ ಶೀಟುಗಳಿದ್ದವು. ಅವು ಕೊನೆಯ ದಿನದ ಕೆಲಸ. ಕಾಂಪೌಂಡಿನಲ್ಲಿ ಅಲ್ಲೊಂದು ಕಿಂಡಿ ಇರುವುದು ನಮ್ಮಿಬ್ಬರಿಗಷ್ಟೇ ಗೊತ್ತು. ಹಿಂದಿನಿಂದ ಸುತ್ತಿ ಬಂದೆ. ಟವಲನ್ನು ಸಿಂಬೆ ಸುತ್ತಿ ತಲೆಗಿಟ್ಟು, ಅದರ ಮೇಲೆ ಶೀಟು ಹೊತ್ತು ಮೇಸ್ತ್ರಿ ಬರುತ್ತಿದ್ದ. ಹೆಜ್ಜೆಹೆಜ್ಜೆಗೂ ಶೀಟು ಓಲಾಡುತ್ತಿತ್ತು.

“ಅಲ್ಲೇ ನಿಲ್ಲಯ್ಯ! ಬೀಳಿಸಬೇಡ!”

“ಕೂಗ್ಬ್ಯಾಡಿ ರೈಟ್ರೇ, ನೀವು ಕೂಗುದ್ರೇ ಬೀಳೋದು.”

ನಾನು ಹುಡುಗಿಯನ್ನು ಕರೆದೆ. ಮಾಸ್ಕು ಹಾಕಿದ ಇಬ್ಬರು ಪಂಪು ಹಿಡಿದು ಓಡಿ ಬಂದರು. ಮೊದಲು ಶೀಟಿಗೆ, ಆಮೇಲೆ ಅವನ ತಲೆ ಮೈಗೆಲ್ಲ ನೀರು ಸಿಂಪಡಿಸಿದರು. ಶೀಟು ಹೊತ್ತು ಅಲ್ಲಾಡದೆ ನಿಂತಿದ್ದ ಅವನ ಮೂಗಿನಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

“ನೋಡ್ರೀ ರೈಟ್ರೇ, ನಂಗೆ ಅಭಿಸೇಕ ಮಾಡ್ತಾವ್ರೆ! ಮಂಗಳಾರತಿ ಒಂದು ಬಾಕಿ.”

ಶೀಟನ್ನು ಮೆಲ್ಲಗೆ ಇಳಿಸಿಕೊಂಡರು. ಅವನನ್ನು ತಮ್ಮ ಸ್ನಾನದ ಡೇರೆಗೆ ಕರೆದೊಯ್ದು, ಉಟ್ಟದ್ದನ್ನೆಲ್ಲ ಬಿಚ್ಚಿಸಿ ಚೀಲಕ್ಕೆ ಹಾಕಿದರು. ಆ ಟವಲೂ ಹೋಯಿತು. ತಲೆಗೆ ನೀರು ಹಾಕಿಕೊಂಡು ಬಿಳಿ ಹೊದಿಕೆಯಂಥ ಉಡುಪಿನಲ್ಲಿ ಹೊರಗೆ ಬಂದಾಗ ನಾನು, “ಮದುವೆ ಗಂಡಿನ ಹಾಗಿದ್ದೀಯ” ಅಂದೆ. ಅವನು ನಗಲಿಲ್ಲ.

“ಸಾವ್ಕಾರ್ರು ಯೋಳಿದ್ದು ಸುಳ್ಳಾ? ನೀವೇ ಇದ್ರಲ್ಲ. ಮಳೆ ಹುಯ್ದ್ರೆ ಅಸುಗಳ್ನ ಎಲ್ಲಿ ಕಟ್ಲಿ?”

ಉತ್ತರ ಹುಡುಗಿ ಕೊಟ್ಟಳು. “ತಾತ, ಈ ದೂಳು ಒಳಗೆ ಹೋದ್ರೆ ತಕ್ಷಣ ಏನೂ ಗೊತ್ತಾಗಲ್ಲ. ಎಷ್ಟೋ ವರ್ಷ ಆದ್ಮೇಲೆ ಎದೆಗೆ ಬರುತ್ತೆ. ಕೊಟ್ಟಿಗೆ ಹತ್ರ ಆಡೋರು ಯಾರು?”

“ಮೊಮ್ಮಗ. ಇನ್ನೂ ಅಂಬೆಗಾಲು.”

“ನೀವು ಶೀಟಿಗೆ ತೂತು ಕೊರೀತೀರ. ದೂಳು ಅವನಿಗೆ.”

ಮೇಸ್ತ್ರಿ ಒದ್ದೆ ತಲೆ ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದ. ಹೆಗಲು ಬರಿದಾಗಿತ್ತು. ನಾನು ನನ್ನ ಟವಲು ಕೊಟ್ಟೆ. ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ: “ಬಚ್ಚಲಿಗೆ ಆಗ್ಲೇ ಆಕಿರೋ ಶೀಟು?”

“ಒಡೆದಿಲ್ಲ ಅಂದ್ರೆ ಹಾಗೇ ಇರಲಿ. ಉಜ್ಜಬೇಡಿ, ಕೊರೀಬೇಡಿ. ತೆಗಿಯೋ ಕಾಲಕ್ಕೆ ನಮ್ಮಂಥೋರನ್ನ ಕರೀರಿ.”

ಮಾತು ಅಲ್ಲಿಗೆ ಮುಗಿಯಿತು, ಆದರೆ ಹಸುಗಳಿಗೆ ಸೂರಾಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಹಿತ್ತಿಲ ಕಡೆ ಕಣ್ಣು ಹೋಯಿತು. ಮನೆಗೆ ಆರ್‌ಸಿಸಿ ಹಾಕಿಸಿದಾಗ ಇಳಿಸಿದ ಮಂಗಳೂರು ಹೆಂಚನ್ನು ತೊಳೆದು, ಸಾಲು ಜೋಡಿಸಿ, ಮೇಲೆ ಗೋಣಿ ಹೊದಿಸಿ ಇಟ್ಟಿದ್ದೆ. “ಇದನ್ನೇನು ಪೂಜೆಗೆ ಇಟ್ಟಿದ್ದೀರಾ?” ಎಂದು ನನ್ನಾಕೆ ವರ್ಷಾನುಗಟ್ಟಲೆ ಹಂಗಿಸಿದ್ದಳು. ಅನ್ನ ಕಲಸುವುದನ್ನು ಬಿಟ್ಟು, ಹೆಂಚನ್ನು ಮೇಸ್ತ್ರಿಯ ಕೊಟ್ಟಿಗೆಗೆ ಕೊಡೋಣ ಎಂದು ಅವಳಿಗೆ ಹೇಳಿದೆ. “ಅಂತೂ ಹಿತ್ತಿಲು ಕಾಣುತ್ತೆ” ಅಂದಳು.

ಭಾನುವಾರ ಗೂಡ್ಸ್ ಆಟೋ ಬಂತು. ರೀಪರು, ಬಿದಿರು ತಾನು ನೋಡಿಕೊಳ್ಳುತ್ತೇನೆ ಎಂದ ಮೇಸ್ತ್ರಿ ಆಟೋದ ಮೇಲೆ ಹತ್ತಿ ನಿಂತ. ಹೆಗಲ ಮೇಲೆ ನನ್ನ ಟವಲಿತ್ತು. ನಾನು ಕೆಳಗಿನಿಂದ ಹೆಂಚು ಎತ್ತಿ ಕೊಡಬೇಕು, ಅವನು ಜೋಡಿಸಬೇಕು. ಬೆನ್ನು ನೋಯುತ್ತದೆ ಎಂದು ನನ್ನಾಕೆ ಗೊಣಗಿದ್ದು ಕೇಳಿಸಿತು.

ಮೊದಲನೆಯ ಹೆಂಚು ಕೈಗೆ ಬಂದ ಕೂಡಲೇ ಅವನು ಹಳೆಯ ರಾಗ ಎಳೆದ: “ಲಾಭಾ...”

“ಲಾಭಾ” ಅಂದೆ ನಾನೂ. ಎರಡನೆಯದನ್ನು ಎತ್ತಿಕೊಟ್ಟೆ.