ಗುಡ್ಡದ ಮರೆಯಾಚೆಯ ಗಾಳಿ

ನಾನು ಕಡಲ ತಡಿಯಲ್ಲಿ ಹುಟ್ಟಿದವನು, ಈಜು ಬರುವುದಿಲ್ಲ. ಊರು ಬಿಟ್ಟು ಬಂದು ಕೋಪರಿಯಲ್ಲಿ ಹಾಕಿದ ನನ್ನ ಸಣ್ಣ ಹೋಟೆಲಿಗೆ ಬರುವ ಗಿರಾಕಿಗಳು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಮ್ಮೂರಿನಲ್ಲಿ ಕಡಲೆಂದರೆ ಮೀನು ಬರುವ ದಾರಿ. ಸುಮ್ಮನೆ ಅದರೊಳಗೆ ಇಳಿಯುವವನಿಗೆ ಮಾಡಲು ಬೇರೆ ಕೆಲಸವಿಲ್ಲ ಎಂದೇ ನಾವು ತಿಳಿದಿದ್ದೆವು.

ನನ್ನ ಹೆಂಡತಿ ವಿಜಯಪುರದ ಕಡೆಯವಳು. ಮದುವೆಯಾಗಿ ಐರೋಲಿಯ ನಮ್ಮ ಮನೆಗೆ ಬರುವವರೆಗೆ ಅವಳು ಸಮುದ್ರ ಕಂಡವಳಲ್ಲ. ಅಂಥವಳು ನಲವತ್ತು ದಾಟಿದ ಮೇಲೆ ಒಂದು ದಿನ ಮಹಾಪೆಯ ತನ್ನ ಆಫೀಸಿನವರೊಂದಿಗೆ ಗಿರಗಾಂವ್ ಚೌಪಾಟಿಗೆ ಹೋದಳು. ಅಲ್ಲಿ ಹಲಗೆಗೆ ಹಾಯಿ ಸಿಕ್ಕಿಸಿ ಅದರ ಮೇಲೆ ನಿಂತು ನೀರಿನಲ್ಲಿ ಓಡುವ ವಿಂಡ್‌ಸರ್ಫಿಂಗ್ ನೋಡಿದಳು. ಮರುವಾರವೇ ಕಲಿಯಲು ಹೆಸರು ಕೊಟ್ಟು ಬಂದಳು.

"ಎಂತ, ಮರ್ಲಾ ನಿಂಗೆ?" ಎಂದು ಕೂಗಾಡಿದೆ.

"ಹೂಂ, ಹಂಗ ಅನ್ಕೋರಿ," ಎಂದು ಅವಳು ಚಪಾತಿ ಲಟ್ಟಿಸುವುದನ್ನು ಮುಂದುವರಿಸಿದಳು.

ಕೆಲವು ಭಾನುವಾರಗಳು ಬರೀ ಬೀಳುವುದರಲ್ಲೇ ಕಳೆದವು. ಮೊಣಕಾಲು ತರಚಿಕೊಂಡು, ಮೂಗು ಸುಟ್ಟುಕೊಂಡು ಮನೆಗೆ ಬರುತ್ತಿದ್ದಳು. ಆಮೇಲೊಂದು ಸಂಜೆ ಮುಖ ಅರಳಿಸಿಕೊಂಡು ಬಂದವಳೇ, ಹಾಲಿನಲ್ಲಿ ಟಿವಿ ನೋಡುತ್ತಿದ್ದ ನನ್ನ ತಾಯಿಗೆ ಹೇಳಿದಳು: "ಅತ್ತಿ, ಇವತ್ತ ಗಾಳಿ ಹಿಡೀತ್ರೀ!"

ತಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ! ಎಲ್ಲಿ ಹಿಡಿದದ್ದು ಮಾರಾಯ್ತಿ?"

"ನಡು ನೀರಾಗ್ರೀ. ಇನ್ನೂ ಕೈಕಾಲು ನಡಗಾಕತ್ತಾವ ನೋಡ್ರಿ."

ತಾಯಿ ಎದ್ದು ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಸೊಸೆಯ ತಲೆಯಿಂದ ಪಾದದವರೆಗೆ ಇಳಿತೆಗೆದು, ಎಲ್ಲವನ್ನೂ ಗ್ಯಾಸಿನ ಬೆಂಕಿಗೆ ಹಾಕಿದರು. ಘಾಟಿಗೆ ಇಡೀ ಮಹಡಿ ಕೆಮ್ಮಿತು. ಹಾಯಿಗೆ ಗಾಳಿ ಸಿಕ್ಕಿತು ಎನ್ನುವುದಕ್ಕೂ ದೆವ್ವದ ಗಾಳಿ ಮೆಟ್ಟಿತು ಎನ್ನುವುದಕ್ಕೂ ಅವಳ ಬಾಯಲ್ಲಿ ಒಂದೇ ಮಾತಾಗಿದ್ದರಿಂದ ಆದ ಅನಾಹುತ ಇದು. ಅವಳೋ ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದಳು. "ನಿಮ್ಮ ಕಡೆ ಗಾಳಿಗೂ ಪೂಜಿ ಮಾಡ್ತಾರಲ್ರೀ, ಚಲೋ ಪದ್ಧತಿ," ಎಂದು ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಅವಳ ಪರೀಕ್ಷೆ. ಇನ್ನು ಮೇಲೆ ಜೊತೆಗೆ ಯಾರೂ ಇಲ್ಲದೆ ಹೋಗಬೇಕಾದರೆ, ದೂರದ ನೀರಿನಲ್ಲಿ ಗುರುತಿಗೆಂದು ತೇಲಿಬಿಟ್ಟ ಕೆಂಪು ಪ್ಲಾಸ್ಟಿಕ್ ಬುರುಡೆಯನ್ನು ಸುತ್ತಿ ತಾನೇ ವಾಪಸ್ ಬರಬೇಕಿತ್ತು. ಹೋಟೆಲಿಗೆ ರಜೆ ಹಾಕಿ ನಾನೂ ಹೊರಟೆ. ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗಲೂ ಬೈಯುತ್ತಲೇ ಇದ್ದೆ, ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಕಲಿಸುವ ಹುಡುಗಿ ಡೊಂಬಿವಲಿಯವಳು, ತಂದೆತಾಯಿ ಕನ್ನಡದವರು. ನನ್ನ ಕನ್ನಡ ಅವಳಿಗೆ ತಿಳಿಯಿತು, ಉತ್ತರ ಮಾತ್ರ ಹಿಂದಿಯಲ್ಲಿ ಬಂತು. ಗಾಳಿಪಟಕ್ಕೆ ಜೋತುಬಿದ್ದು ಹಾರುತ್ತಾರಲ್ಲ, ಅದು ಇಲ್ಲಿ ಇಲ್ಲವೇ ಎಂದು ಕೇಳಿದೆ. "ನಹೀ ಅಂಕಲ್, ಇಧರ್ ಹವಾ ಬಿಲ್ಡಿಂಗ್ ಸೇ ಟಕರಾಕೇ ಆತಾ ಹೈ," ಎಂದು ಬಲಗಡೆಯ ಗುಡ್ಡ ತೋರಿಸಿದಳು. ಮಧ್ಯಾಹ್ನದ ಗಾಳಿ ವಾಯವ್ಯದಿಂದ ಆ ಗುಡ್ಡವನ್ನೂ ಅದರ ಮೇಲಿನ ಎತ್ತರದ ಕಟ್ಟಡಗಳನ್ನೂ ಎಡವಿಕೊಂಡು ಕೊಲ್ಲಿಗೆ ಇಳಿಯುತ್ತದೆ. ದಂಡೆಯ ಹತ್ತಿರ ಒಮ್ಮೆ ತಳ್ಳುತ್ತದೆ, ಒಮ್ಮೆ ಸತ್ತೇಹೋಗುತ್ತದೆ. ಅಂಥ ಗಾಳಿಯನ್ನು ನಂಬಿ ಪಟ ಏರಿಸುವಂತಿಲ್ಲ. ಹಾಯಿಹಲಗೆಯವರೂ ಗುಡ್ಡದ ಮರೆ ದಾಟಿದ ಮೇಲೆಯೇ ಒಂದೇ ಸಮನೆ ಬೀಸುವ ಗಾಳಿಯನ್ನು ಕಾಣುವುದು. ಅಲ್ಲಿಗೆ ಹೋದರೆ ದಂಡೆ ಬಲು ದೂರ. ಎಡಗಡೆ ಮರೀನ್ ಡ್ರೈವಿನ ಉದ್ದಕ್ಕೂ ಸುರಿದ ಸಿಮೆಂಟಿನ ಬಂಡೆಗಳು.

ಹೆದರಿಕೆಯಾದರೆ ಎರಡೂ ಕೈ ಎತ್ತಿ, ದೋಣಿ ಕಳಿಸುತ್ತೇನೆ ಎಂದು ಆ ಹುಡುಗಿ ನಮ್ಮಿಬ್ಬರಿಗೂ ಹೇಳಿದಳು. ದೋಣಿ ಹೋದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಹೆಂಡತಿ ಹೊರಟಳು. ಮರೆಯೊಳಗೆ ಹಲಗೆ ತಡವರಿಸಿತು, ಹಾಯಿ ಪಟಪಟ ಬಡಿದುಕೊಂಡಿತು. ಮರೆ ದಾಟಿದ್ದೇ ತಡ, ಹಾಯಿ ಬಿಗಿದು ನಿಂತಿತು. ಅವಳು ಮೈಯನ್ನು ಹಿಂದಕ್ಕೆ ಬಾಗಿಸಿ, ಬರೀ ಗಾಳಿಯ ಮೇಲೆ ಒರಗಿಕೊಂಡು ಹೋದಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು ಹೀಗೂ ಇರಬಲ್ಲಳು ಎಂದು ನಾನು ಎಣಿಸಿಯೇ ಇರಲಿಲ್ಲ. ಕಡಲೂ ಇಷ್ಟು ದೊಡ್ಡದೆಂದು ನನಗೆ ಹೊಳೆದದ್ದು ಅಂದೇ, ಅದರ ನಡುವೆ ಅವಳನ್ನು ಅಷ್ಟು ಚಿಕ್ಕದಾಗಿ ಕಂಡಾಗ.

ಬುರುಡೆ ಸುತ್ತಿದಳು. ಆಗ ಗಾಳಿ ಬಿತ್ತು.

ಹಾಯಿ ನೀರಿಗೆ ಮಲಗಿತು. ಅವಳು ಹಲಗೆಯ ಮೇಲೆ ಕುಳಿತುಬಿಟ್ಟಳು. ಹಲಗೆ ಮೆಲ್ಲಗೆ ಎಡಕ್ಕೆ, ಬಂಡೆಗಳ ಕಡೆಗೆ ಜಾರತೊಡಗಿತು. ಹುಡುಗಿ ನನ್ನ ಮುಖ ನೋಡಿದಳು. "ಅಭೀ ಟೈಮ್ ಹೈ, ಅಂಕಲ್. ಆಪ್ ಬೋಲೋ." ನನ್ನ ಕೈಗಳು ತಾವಾಗಿಯೇ ಎದೆಯವರೆಗೆ ಬಂದಿದ್ದವು. ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡೆ. ಅವಳೇನೂ ಕೈ ಎತ್ತಿರಲಿಲ್ಲ. ಅವಳು ಎತ್ತದೆ ನಾನು ಹೇಗೆ ಎತ್ತಲಿ? ಎತ್ತದೆ ಹೇಗಿರಲಿ? ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ ನಾನು.

ಅಷ್ಟರಲ್ಲಿ ಗುಡ್ಡದ ಮೂಲೆಯ ನೀರು ಕಪ್ಪಾಯಿತು. ಗಾಳಿ ಎಬ್ಬಿಸಿದ ಆ ಕಪ್ಪು ಸರಸರನೆ ಅವಳತ್ತ ಹರಿದು ಬಂತು. ಅವಳು ಅದನ್ನು ನನಗಿಂತ ಮೊದಲೇ ಕಂಡಿರಬೇಕು, ಆಗಲೇ ಎದ್ದು ಹಗ್ಗ ಎಳೆಯುತ್ತಿದ್ದಳು. ಹಾಯಿ ಮೇಲೆದ್ದಿತು, ತುಂಬಿತು. ಮತ್ತೆ ಮರೆಯೊಳಗೆ ತಡವರಿಸುವವರೆಗೂ ಅವಳು ಎಲ್ಲೂ ನಿಲ್ಲಲಿಲ್ಲ.

ಮೊಣಕಾಲುದ್ದ ನೀರಿನಲ್ಲಿ ಇಳಿದು ಹಲಗೆ ನೂಕಿಕೊಂಡು ಬಂದಳು. ಚಪ್ಪಲಿ ಸಮೇತ ನೀರಿಗೆ ನಡೆದು ಅವಳ ತೋಳು ಹಿಡಿದುಕೊಂಡೆ.

"ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಆತ್ರಿ. ಬಾಳ ಅಂಜಿದ್ನಿ."

"ಗಾಳಿ ಬಿದ್ದಾಗ?"

"ಗಾಳಿ ಇವತ್ತಲ್ಲ ನಾಳೆ ಬಂದ ಬರ್ತೈತಿ," ಎಂದಳು, ಇನ್ನೂ ಏದುಸಿರು ಬಿಡುತ್ತಾ. "ನೀವ ಎಲ್ಲಿ ಕೈ ಎತ್ತಿಬಿಡ್ತೀರೋ ಅಂತ."