ಕಾಪುವಿನ ಆರ್ಕುಟ್ ದೂಮಪ್ಪಣ್ಣ

ಕಾಪು ಪೇಟೆಯಲ್ಲಿ ಎರಡು ಕಂಪ್ಯೂಟರಿನ ಸೈಬರ್ ಸೆಂಟರ್ ಇಟ್ಟಿದ್ದ ದೂಮಪ್ಪಣ್ಣ, ತನ್ನ ಮೋಡೆಮ್ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ. ಫೇಸ್‌ಬುಕ್ಕಿಗಿಂತ ಮೊದಲು ಊರೆಲ್ಲ ಮುಗಿಬಿದ್ದಿದ್ದ ಆರ್ಕುಟ್‌ನಲ್ಲಿ ಅವನಿಗೆ ಆರುನೂರು ಗೆಳೆಯರು. ಹೊಸಬರು ಯಾರೇ ಸಿಗಲಿ, ಕರಾವಳಿಯ ವಾಡಿಕೆಯಂತೆ ಮೊದಲು ತಾಯಿಯ ಕಡೆಯ ಕುಲ ಕೇಳಿ ನೆಂಟಸ್ತಿಕೆ ಹುಡುಕಬೇಕು. ಬ್ರೆಜಿಲಿನ ಹುಡುಗಿಯೊಬ್ಬಳನ್ನೂ ಬಿಟ್ಟವನಲ್ಲ. "ನಿಮ್ಮ ಆರುನೂರರಲ್ಲಿ ಒಬ್ಬರಾದರೂ ಮನೆಗೆ ಬಂದದ್ದುಂಟಾ?" ಎಂದು ಹೆಂಡತಿ ನಳಿನಾಕ್ಷಿ ಮೀನು ಕೊಯ್ಯುತ್ತಲೇ ಕುಟುಕುವಳು. "ಕರೆದರೆ ಬರ್ತಾರೆ ಮಾರಾಯ್ತಿ!" ಎನ್ನುವನು. ಕರೆಯುವ ದಿನವೂ ಬಂತು. ಎದುರಿನ ಕಟ್ಟಡದ ಕೆಲಸಕ್ಕೆ ಬಾಗಲಕೋಟೆಯಿಂದ ಬಂದಿದ್ದ ಬಸುರಿ ಸವಿತಾ, ಅವನ ಅಂಗಡಿಯ ಫೋನಿನಲ್ಲಿ ತಾಯಿಯೊಡನೆ ಅಳುತ್ತಿದ್ದಳು: "ಇಲ್ಲಿ ನನಗ ಕುಬಸ ಮಾಡಾಕ ಯಾರ ಅದಾರವ್ವ?" ದೂಮಪ್ಪಣ್ಣ ಅವಳ ಕುಲ ಕೇಳಲಿಲ್ಲ. ಆರುನೂರು ಮಂದಿಗೂ ಒಂದೇ ಮಾತು ಬರೆದ: "ನಮ್ಮ ಮನೆಮಗಳ ಸೀಮಂತ ಉಂಟು, ಭಾನುವಾರ ಬನ್ನಿ." ಭಾನುವಾರ ಕಾರ್ಕಳ, ಮಣಿಪಾಲ, ಕಲ್ಯಾಣಪುರದ ಹೆಂಗಸರು ಮಲ್ಲಿಗೆ ಹಿಡಿದುಕೊಂಡು ಒಂದರ ಹಿಂದೊಂದು ಬಸ್ಸಿನಿಂದ ಇಳಿದರು. ನಳಿನಾಕ್ಷಿ ಮೂರು ಸಲ ಅನ್ನಕ್ಕಿಟ್ಟಳು. ಸವಿತಾಳ ಕೈಗಳಲ್ಲಿ ಹಸಿರು ಬಳೆ ಮೊಣಕೈ ಮುಟ್ಟಿತು. ತೊಡಿಸಲು ಬಂದವರ ಸಾಲು ಇನ್ನೂ ರಸ್ತೆಯವರೆಗಿತ್ತು.