ಕೂಲಿ ಜೊತೆ ಕುಸಿ

ಹೋದ ತಿಂಗಳು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿಯ ಒಂದು ರೆಸಾರ್ಟಿಗೆ ಹೋಗಿದ್ದೆ. ಉಳಿದುಕೊಳ್ಳಲು ಅಲ್ಲ, ಅಲ್ಲಿನ ತೋಟದ ಕೆಲಸಕ್ಕೆ ಕೂಲಿ ಮಾತಾಡಲು. ನಾನು ಆಳುಗಳ ಮೇಸ್ತ್ರಿ. ಅರಿಶಿನ ಕೀಳುವುದಿರಲಿ, ಚೆಂಡುಹೂವು ಬಿಡಿಸುವುದಿರಲಿ, ಬೇಗೂರು ಸುತ್ತಿನ ಹೆಣ್ಣಾಳು ಗಂಡಾಳುಗಳು ಟೆಂಪೋ ಹತ್ತುವ ಮೊದಲು ಅವರ ರೇಟು ಮಾತಾಡುವವಳು ನಾನೇ. ಮ್ಯಾನೇಜರು ಬರುವವರೆಗೆ ಬಾರಿನ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಯಾರೋ ಬಿಯರಿನ ಲೋಟ ಕೆಡವಿ ಹೋಗಿದ್ದರು, ಇನ್ನೂ ಒರೆಸಿರಲಿಲ್ಲ. ಮೂಗಿಗೆ ಬಡಿದದ್ದು ಹುಳಿ ಬಂದ ಅಂಬಲಿಯ ವಾಸನೆ... ತಲೆ ಎತ್ತಿದರೆ ಗೋಡೆಯ ಮೇಲೆ ಗಾಜು ಹಾಕಿಸಿದ ದೊಡ್ಡ ಚಿತ್ರ. ನಡುವೆ ಒಂದು ಮಡಕೆ, ಅದರೊಳಕ್ಕೆ ಇಳಿಬಿಟ್ಟ ಉದ್ದುದ್ದ ಕೊಳವೆಗಳು. ಕೆಳಗೆ ಬಿಯರು ನಾಗರಿಕತೆಯಷ್ಟೇ ಹಳೆಯದು ಎಂದು ಬರೆದಿತ್ತು.

ಆ ಮಡಕೆಯನ್ನು ನಾನು ಮೊದಲು ನೋಡಿದ್ದು ಸೀಮೆಸುಣ್ಣದ ಗೆರೆಯಲ್ಲಿ. ಅದನ್ನು ಬರೆದವರು ನಮ್ಮ ಚರಿತ್ರೆಯ ಮಿಸ್ಸು.

ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳಗಿದ್ದರು, ಬೋರ್ಡಿನ ಅರ್ಧಕ್ಕೆ ಮಾತ್ರ ಅವರ ಕೈ ಎಟಕುತ್ತಿತ್ತು. ಸೆರಗಿನ ಅಂಚಿಗೆ ಯಾವಾಗಲೂ ಬಿಳಿ ಪುಡಿ. ತರಗತಿಗೆ ಕಾಲಿಟ್ಟ ಕೂಡಲೇ ಪುಸ್ತಕ ಮುಚ್ಚಿ ಎನ್ನುವುದು, ಆಮೇಲೆ ಬೋರ್ಡಿನ ಮೇಲೆ ಏನಾದರೊಂದು ಚಿತ್ರ ಬರೆಯುವುದು. ಊರಿನ ದೊಡ್ಡವರು ಸೇರಿ ಕಟ್ಟಿಸಿದ ಹೈಸ್ಕೂಲು ಅದು. ಕಮಿಟಿಯವರು ಇಟ್ಟುಕೊಂಡರೆ ಕೆಲಸ, ಬೇಡವೆಂದರೆ ಇಲ್ಲ. ಆ ಕಮಿಟಿಯ ಅಧ್ಯಕ್ಷರ ಅರಿಶಿನದ ಹೊಲದಲ್ಲೇ ನಮ್ಮಪ್ಪ, ನಮ್ಮವ್ವ ಕೂಲಿಗೆ ಹೋಗುತ್ತಿದ್ದದ್ದು. ಊರೆಲ್ಲ ಅವರನ್ನು ಸಾಹುಕಾರರು ಎನ್ನುತ್ತಿತ್ತು. ಎದುರಿಗೆ ನಿಂತಾಗ ನಾವು ಬುದ್ದಿ ಎನ್ನುತ್ತಿದ್ದೆವು.

ಅವತ್ತು ಮೆಸೊಪೊಟೇಮಿಯಾದ ಪಾಠ. ಮಿಸ್ಸು ಮಡಕೆ ಬರೆದರು, ಕೊಳವೆ ಬರೆದರು, ಸುತ್ತ ಕೂತ ಜನರನ್ನು ಬರೆದರು. ಒಬ್ಬೊಬ್ಬರ ಪಕ್ಕದಲ್ಲೂ ಒಂದು ಕುಡುಗೋಲು. ಹೆಂಗಸರೂ ಇದ್ದರು. ಇದೇನು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬಿಯರು ಎಂದು ಅವರೇ ಹೇಳಿದರು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅವರು ಗದರಲಿಲ್ಲ. ಬಾಟಲಿಯದಲ್ಲ, ನಿಮ್ಮ ಮನೆಯ ಅಂಬಲಿಯಂತೆ ಗಟ್ಟಿಯಾದದ್ದು, ಕಾಳು ಮೊಳಕೆ ಕಟ್ಟಿ ಹುಳಿ ಬರಿಸಿದ್ದು, ಕುಡಿದರೆ ಹೊಟ್ಟೆ ತುಂಬುತ್ತಿತ್ತು ಎಂದರು. ಮನುಷ್ಯ ಒಂದು ಕಡೆ ನೆಲೆ ನಿಂತು ಕಾಳು ಬೆಳೆದದ್ದೇ ಈ ಮಡಕೆಗಾಗಿ ಇದ್ದರೂ ಇರಬಹುದು ಎಂದು ಕೆಲವರು ಹೇಳುತ್ತಾರಂತೆ, ಕೆಲವರು ಒಪ್ಪುವುದಿಲ್ಲವಂತೆ. ಹುಳಿ ಬರುವವರೆಗೆ ಮಡಕೆಯ ಹತ್ತಿರ ಕಾಯಬೇಕಲ್ಲವಾ, ಹೊತ್ತುಕೊಂಡು ಅಲೆಯೋಕೆ ಆಗುತ್ತದಾ ಎಂದು ನಮ್ಮನ್ನೇ ಕೇಳಿದರು.

ಆಮೇಲೆ ಹೇಳಿದ ಮಾತು ಮುಖ್ಯ. ಆ ಕಾಲದಲ್ಲಿ ದುಡ್ಡಿರಲಿಲ್ಲ, ದುಡಿದವರಿಗೆ ಕಾಳು ಮತ್ತು ಬಿಯರೇ ಕೂಲಿ. ಯಾರಿಗೆ ಎಷ್ಟು ಕೊಟ್ಟೆವು ಎಂದು ಹಸಿ ಜೇಡಿಮಣ್ಣಿನ ಮೇಲೆ ಗುರುತು ಹಾಕುತ್ತಿದ್ದರು, ಅಕ್ಷರ ಬೆಳೆದದ್ದು ಅಂಥ ಗುರುತುಗಳಿಂದ ಎಂದರು.

ನಾನು ಎದ್ದು ನಿಂತೆ. ಜಂಬವಾಗಿತ್ತು ನನಗೆ, ನಮ್ಮ ಮನೆಯ ಮಾತು ಪಾಠದಲ್ಲಿ ಬಂತಲ್ಲ ಎಂದು. "ನಮ್ಮಪ್ಪಂಗೂ ಸಾವ್ಕಾರ್ರು ಅಂಗೇ ಕೊಡ್ತರೆ ಮಿಸ್. ಕೂಲಿ ಜೊತೆ ಕುಸಿ."

ಕುಸಿ ಎಂದರೆ ಸಾರಾಯಿ ಪ್ಯಾಕೆಟ್ಟು. ಆಗಿನ್ನೂ ಪ್ಯಾಕೆಟ್ಟು ಮಾರುತ್ತಿದ್ದ ಕಾಲ. ವಾರದ ಬಟವಾಡೆಯಲ್ಲಿ ಗಂಡಾಳಿಗೆ ಹೆಂಗಸರಷ್ಟೇ ದುಡ್ಡು, ಮಿಕ್ಕದ್ದಕ್ಕೆ ಪ್ಯಾಕೆಟ್ಟು. ಖುಷಿಯಿಂದ ಕೊಡುತ್ತಿದ್ದೇನೆ ಎಂದು ಸಾಹುಕಾರರು ಹೇಳುತ್ತಿದ್ದರು. ನಮ್ಮ ಬಾಯಲ್ಲಿ ಅದು ಕುಸಿ. ಮಿಸ್ಸು ಬೋರ್ಡಿಗೆ ತಿರುಗಿ ಮಡಕೆಯ ಕೆಳಗೆ ಎರಡು ಪದ ಬರೆದರು. ಖುಷಿ. ಕುಸಿ. ಎರಡನೆಯದು ಗೋಡೆಗೆ ಹೇಳುವ ಮಾತು, ಮಳೆಗೆ ನೆನೆದಾಗ, ಎಂದರು. ನಗಲಿಲ್ಲ. ನನ್ನ ಕಡೆ ನೋಡಿ ಕೇಳಿದರು: "ಅಲ್ಲಿ ಮಡಕೆಯೇ ಕೂಲಿ ಕಣಮ್ಮ, ಅದರಿಂದ ಹೊಟ್ಟೆ ತುಂಬುತ್ತಿತ್ತು. ನಿಮ್ಮಪ್ಪನ ಪ್ಯಾಕೆಟ್ಟು ಕೂಲಿಯ ಜೊತೆಗೆ ಬರೋದಾ, ಕೂಲಿಯ ಒಳಗಿಂದ ಬರೋದಾ?"

ಈ ಪ್ರಶ್ನೆಯನ್ನು ನಾನು ಮನೆಗೆ ಹೊತ್ತುಕೊಂಡು ಹೋದೆ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ಇನ್ನೊಂದು ಸಲ ಹೇಳು ಎಂದಳು. ನನ್ನವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಸಂತೆಯಲ್ಲಿ ಅವಳು ಬದನೆಕಾಯಿ ಕೈಗೆತ್ತಿಕೊಂಡರೆ ಮಾರುವವರು ಅವಳ ಚೌಕಾಸಿಗೆ ಹೆದರಿ ಮುಖ ತಿರುಗಿಸುತ್ತಿದ್ದರು.

ಮುಂದಿನ ಬಟವಾಡೆಯ ಹೊತ್ತಿಗೆ ಅರಿಶಿನ ಅರ್ಧ ಇನ್ನೂ ಭೂಮಿಯಲ್ಲಿತ್ತು. ಅಪ್ಪನ ಸರದಿ ಬಂದಾಗ ಅವ್ವ ಮುಂದೆ ನಿಂತು ಸೆರಗು ಒಡ್ಡಿದಳು. "ನಮ್ಮನೆ ಗಂಡಸ್ನ ಕುಸೀನ ರಾಗೀಲಿ ಕೊಟ್ಬುಡಿ ಬುದ್ದಿ. ಮಕ್ಕಳೂ ಒಸಿ ಕುಸಿ ಪಡ್ಲಿ."

ಹೆಂಗಸರ ಸಾಲು ಗೊಳ್ಳೆಂದಿತು. ಅಪ್ಪ, ನನ್ನ ಕುಸಿಗೆ ಮಣ್ಣಾಕ್ಬುಟ್ಟಲ್ಲಮ್ಮಿ ಎಂದು ಗೊಣಗಿದ. ಆದರೆ ಹಿಂದಿದ್ದ ಹೆಂಗಸೂ ಸೆರಗು ಒಡ್ಡಿದಳು, ಅವಳ ಹಿಂದಿನವಳೂ. ಸಾಹುಕಾರರು ನಕ್ಕರು. ಕೀಳದ ಅರಿಶಿನ ಎದುರಿಗೇ ಕಾಣುತ್ತಿದ್ದಾಗ ನಗದೆ ಏನು ಮಾಡುತ್ತಾರೆ. ರಾಗಿ ಅಳೆಸಿದರು. ಅಳೆಸುತ್ತಲೇ, ಈ ಬುದ್ಧಿ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅವ್ವ ಹೆಮ್ಮೆಯಿಂದ ಹೇಳಿಬಿಟ್ಟಳು... ಮಗಳ ಸ್ಕೂಲಿನ ಮಿಸ್ಸು ಎಂದು.

ಅರಿಶಿನ ಬೆಂದು, ಒಣಗಿ, ಮೂಟೆ ಸೇರುವವರೆಗೂ ನಮಗೆ ರಾಗಿ ಸಿಕ್ಕಿತು. ಮೂಟೆ ಲಾರಿ ಹತ್ತಿದ ವಾರವೇ ಶಾಲೆಯಲ್ಲಿ ಕಮಿಟಿ ಸೇರಿತು. ಕೂಲಿ ಮಾತಾಡುವವರು ಇದನ್ನು ನೆನಪಿಡಿ. ಬೆಳೆ ಭೂಮಿಯಲ್ಲಿರುವಾಗ ಸಿಕ್ಕಿದ ಒಪ್ಪಿಗೆಯನ್ನು ಆಗಲೇ ನಾಲ್ಕು ಜನರ ಮುಂದೆ ಗಟ್ಟಿ ಮಾಡಿಕೊಳ್ಳಬೇಕು. ನಮ್ಮವ್ವನಿಗೆ ಅದು ಗೊತ್ತಿರಲಿಲ್ಲ.

ದೂರು ಏನು ಗೊತ್ತೇ? ಹೆಣ್ಣುಮಗಳೊಬ್ಬಳು ಮಕ್ಕಳಿಗೆ ಹೆಂಡದ ಪಾಠ ಹೇಳುತ್ತಾಳೆ ಎಂದು. ಚೀಲಗಟ್ಟಲೆ ಸಾರಾಯಿ ತರಿಸಿ ಆಳುಗಳ ಬಾಯಿಗೆ ಸುರಿದ ಮನುಷ್ಯ, ಸರಸ್ವತಿಯ ಫೋಟೋದ ಕೆಳಗೆ ಕುರ್ಚಿ ಹಾಕಿಕೊಂಡು, ಈ ಜಾಗದಲ್ಲಿ ಅಂಥ ಮಾತು ಬರಬಹುದಾ ಎಂದು ಕೇಳಿದ. ಬುದ್ದಿ ಎಂದು ಕರೆಯುತ್ತಿದ್ದವಳೇ ಇವತ್ತು ಏಕವಚನ ಬರೆಯುತ್ತಿದ್ದೇನೆ. ಉಳಿದವರು ತಲೆಯಾಡಿಸಿದರು. ಹೆಡ್ಮಾಸ್ಟರು ನೆಲ ನೋಡಿದರು. ಅವ್ವ, ಇನ್ನೂ ನಾಲ್ಕಾರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಮಿಸ್ಸು ಕುಡಿಯೋಕೆ ಕಲಿಸಲಿಲ್ಲ ಬುದ್ದಿ ಎಂದು ಅವ್ವ ಬಾಯಿ ತೆಗೆದಳೋ ಇಲ್ಲವೋ, "ಕುಡುಕನ ಹೆಂಡ್ತಿ ಸಾಕ್ಷಿ ಹೇಳಕೆ ಬಂದವಳೆ ನೋಡ್ರಪ್ಪ" ಎಂದ. ಒಳಗಿದ್ದವರು ನಕ್ಕರು. ಅವ್ವನ ಗಂಡನನ್ನು ಕುಡುಕ ಮಾಡಿದ್ದು ಯಾರು ಎಂದು ಒಬ್ಬನಾದರೂ ಕೇಳಬಾರದೇ?

ಕೊನೆಗೆ ಒಂದು ದಾರಿ ಕೊಟ್ಟರು. ಹೇಳಿದ ಪಾಠ ತಪ್ಪು ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ. ಯಾವುದು ತಪ್ಪು ಎಂದು ಮಿಸ್ಸು ಕೇಳಿದರು. ಆ ಕೂಲಿಯ ಮಾತು ಎಂದರು. "ಮಡಕೆ ಬೇಕಾದರೆ ಅಳಿಸ್ತೀನಿ, ಕೂಲಿ ಅಳಿಸೋಕೆ ಬರಲ್ಲ." ಅಷ್ಟು ಹೇಳಿ ಛತ್ರಿ ತೆಗೆದುಕೊಂಡು ಎದ್ದರು.

ಅವರ ಮೇಲೂ ನನಗೆ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಎದುರಿನವರು ಮೊದಲು ಹೇಳಿದ ರೇಟಿಗೆ ಯಾರಾದರೂ ಎದ್ದು ಹೋಗುತ್ತಾರೆಯೇ? ಕೂತುಕೊಳ್ಳಬೇಕು. ಬರೆಯಲು ಒಂದು ವಾರ ಟೈಮು ಕೇಳಬೇಕು. ಬರೆದುಕೊಟ್ಟೇ ಬಿಡಬೇಕಿತ್ತು, ಮುಂದಿನ ವರ್ಷ ಅದೇ ಪಾಠವನ್ನು ಇನ್ನೊಂದು ತರಗತಿಗೆ ಹೇಳಬಹುದಿತ್ತು. ಅವರು ಹೋದ ಮೇಲೆ ಬಟವಾಡೆಯಲ್ಲಿ ಮತ್ತೆ ಪ್ಯಾಕೆಟ್ಟೇ ಬಂತು. ಅಪ್ಪ ಅದೇ ಪ್ಯಾಕೆಟ್ಟಿನಲ್ಲಿ ಮುಗಿದುಹೋದ... ಹಿಂದೆಯೇ ನಾನು ಶಾಲೆ ಬಿಟ್ಟು ಅವ್ವನ ಜೊತೆ ಕೂಲಿಯ ಸಾಲಿಗೆ ನಿಂತೆ.

ಎಷ್ಟೋ ವರ್ಷದ ಮೇಲೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಮಿಸ್ಸು ಸಿಕ್ಕಿದ್ದರು. ಯಾವ ಶಾಲೆಯೂ ಮತ್ತೆ ಕರೆಯಲಿಲ್ಲವಂತೆ. ಚಂದಕವಾಡಿಯಲ್ಲಿ ಅಕ್ಕನ ಮನೆಯಲ್ಲಿದ್ದು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರಂತೆ. ಸೆರಗಿನ ಅಂಚಿನಲ್ಲಿ ಬಿಳಿ ಪುಡಿ ಇರಲಿಲ್ಲ. ನಾನು ಮೇಸ್ತ್ರಿಯಾಗಿದ್ದೇನೆ ಎಂದಾಗ ಅವರು ಕೇಳಿದ್ದು ಒಂದೇ. "ನಿನ್ನ ಆಳುಗಳಿಗೆ ಜೊತೆಗೆ ಏನಾದರೂ ಕೊಡ್ತಾರಾ?" ಇಲ್ಲ ಮಿಸ್, ಎಲ್ಲಾ ದುಡ್ಡಲ್ಲೇ ಎಂದೆ. ತಲೆಯಾಡಿಸಿ ಬಸ್ಸು ಹತ್ತಿದರು. ಅವರು ತೀರಿಕೊಂಡ ಸುದ್ದಿ ಬಂದಾಗ ಕಾರ್ಯವೂ ಮುಗಿದುಹೋಗಿತ್ತು.

ರೆಸಾರ್ಟಿನ ಮ್ಯಾನೇಜರು ಬಂದ. ಒಳ್ಳೆಯ ಮಾತಿನ ಹುಡುಗ. ರೇಟು ಒಸಿ ಇಳಿಸಿ ಅಕ್ಕಾ, ಗಂಡಾಳಿಗೆ ಸಂಜೆ ಒಂದೊಂದು ಬಿಯರು ನಮ್ಮ ಕಡೆಯಿಂದ, ಖುಷಿಗೆ ಎಂದ. ಆ ಪದವನ್ನೇ ಹೇಳಿದ. ನಾನು ಎದ್ದು ಹೋಗಲಿಲ್ಲ. ಕೂತೇ ಇದ್ದೆ. "ಬಿಯರು ನಿನ್ ಫ್ರಿಜ್ಜಲ್ಲೇ ಇರ್ಲಿ ಕಣಪ್ಪ. ಅದ್ರ ದುಡ್ಡೂ ಸೇರಿಸಿ ರೇಟ್ ಹೇಳು." ಬಿಸಿಲು ಇಳಿಯುವವರೆಗೆ ಮಾತಾಡಿದೆವು. ನಾನು ಹೇಳಿದ್ದಕ್ಕೇ ಬಂದ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ನಾನು ಹೇಳುವುದೂ ಇದನ್ನೇ. ಯಾರಾದರೂ ಜೊತೆಗೆ ಎಂದು ಏನಾದರೂ ಕೊಟ್ಟರೆ, ಅದು ಯಾವುದರ ಒಳಗಿಂದ ಬಂತು ನೋಡಿ.

ಹೊರಡುವಾಗ ಆ ಚಿತ್ರವನ್ನು ಹತ್ತಿರದಿಂದ ನೋಡಿದೆ. ಅದೇ ಮಡಕೆ, ಅವೇ ಕೊಳವೆಗಳು. ಕೊಳವೆ ಬಾಯಿಗಿಟ್ಟು ಕೂತವರು ಇಬ್ಬರೇ, ಒಳ್ಳೆಯ ಬಟ್ಟೆಯವರು, ಎತ್ತರದ ಪೀಠದ ಮೇಲೆ. ಕುಡುಗೋಲು ಎಲ್ಲಿಯೂ ಇಲ್ಲ. ನಮ್ಮವರನ್ನೇ ತೆಗೆದುಬಿಟ್ಟಿದ್ದಾರೆ ಮಿಸ್ ಎಂದು ಹೇಳಬೇಕೆನಿಸಿ ಫೋನು ಕೈಗೆತ್ತಿಕೊಂಡೆ... ಯಾರಿಗೆ ಹೇಳುವುದು. ಟೆಂಪೋದವನು ಹಾರನ್ ಹೊಡೆಯುತ್ತಿದ್ದ. ಹತ್ತಿ ಕೂತೆ.